ಎದೆಯೊಳಗಿನ ಹೊಲಿಗೆ

ಅಲಹುವೇಲಾ ಊರಿಗೆ ಹೋಗುವ ಬಸ್ಸಿನಲ್ಲಿ ಬ್ರೆಡ್ಡಿನ ಚೀಲ ಮಡಿಲಲ್ಲಿಟ್ಟು ಕೂತಿದ್ದ ಸಿನಿಯಾಳ ಕಿವಿ ಮುಂದಿನ ಸೀಟಿನವರ ಮಾತಿನ ಮೇಲಿತ್ತು. ಅಲ್ಲಿ ಹೂ ಹಿಡಿದ ಮುದುಕ ಎವೆಲಿಯೊ. ಪಕ್ಕದಲ್ಲಿ ಕೃತಕ ಹೃದಯ ಕವಾಟ ತಯಾರಿಸುವ ಕಾರ್ಖಾನೆಯ ಸಮವಸ್ತ್ರ ತೊಟ್ಟ ಹುಡುಗಿ ಯೊರ್ಲೆನಿ.

“ಹೃದಯದ ಕವಾಟ ಹೊಲಿಯೋದು ನೀವೇನಾ, ಮಗಳೇ?”

“ಹೌದು ತಾತ. ಹಸುವಿನ ಹೃದಯದ ಪೊರೆ, ಕೂದಲಂಥ ಸೂಜಿ.”

“ನನ್ನ ಹೆಂಡ್ತಿ ಒರ್ತೆನ್ಸಿಯಾಗೂ ಅದನ್ನೇ ಹಾಕಿದ್ರು. ಹಸೂನೇ ಕಟ್ಕೊಂಡಂಗಾಯ್ತು ಅಂತ ರೇಗಿಸ್ತಿದ್ದೆ.”

“ಈಗ ಹೇಗಿದ್ದಾರೆ?”

“ಹೋದ ತಿಂಗಳು ತೀರ್ಕೊಂಡ್ಲು.”

ಹುಡುಗಿ ಪೂರ್ತಿ ಅವನತ್ತ ತಿರುಗಿದಳು. “ಹೊಲಿಗೆ ಬಿಟ್ಟಿತ್ತಾ?”

“ಇಲ್ಲಮ್ಮ, ನ್ಯುಮೋನಿಯಾ. ಕವಾಟ ಕೊನೇವರೆಗೂ ಚೆನ್ನಾಗೇ ಇತ್ತು. ಒಂದು ಕೇಳ್ಲಾ? ನೀವು ಹೊಲಿಯೋ ಆ ದಾರ ಮಣ್ಣಲ್ಲಿ ಕೊಳೆಯುತ್ತಾ?”

“ಇಲ್ಲ ತಾತ. ಅದು ಕೊಳೆಯೋ ದಾರ ಅಲ್ಲ.”

ಸ್ಮಶಾನದ ಸ್ಟಾಪು ಬಂತು. ಮುದುಕ ಹೂ ಸರಿಮಾಡಿಕೊಂಡು ಎದ್ದ.

“ಹಾಗಾದ್ರೆ ಯಾರೋ ಹೆಣ್ಮಗಳ ಕೈಕೆಲಸ ಅವಳ ಜೊತೇಲಿದೆ. ಅವಳು ಅಲ್ಲಿ ಒಂಟಿಯಾಗಿಲ್ಲ,” ಎನ್ನುತ್ತ ಇಳಿದುಹೋದ.