ದೇವರ ಟಗರು

ತೆಲಿಗಿಯ ಬಸ್ ನಿಲ್ದಾಣದಲ್ಲಿ ಕೂತಿದ್ದ ಶಬ್ನಮ್‌ಗೆ, ಕೇಳಬಾರದೆಂದುಕೊಂಡರೂ, ಪಕ್ಕದ ಕುರಿಗಾರ ಮತ್ತವನ ಮಗಳ ಮಾತು ಕೇಳಿಸಿತು. ಮಗಳು ವಿಜ್ಞಾನ ಪರೀಕ್ಷೆಯನ್ನು ಎರಡನೇ ಸಲ ಬರೆಯಲು ಹೊರಟಿದ್ದಳು.

"ಹೋದ ಸಲ ಆ ಪ್ರಶ್ನಿ ಯಾಕ ಬಿಟ್ಟಿ?"

"ಜೀವಿಗಳು ನಿಧಾನಕ್ಕ ಬದಲಾಗಿ ಬಂದಾವು ಅಂತ ಬರೀಬೇಕಿತ್ತು. ದೇವರು ಮಾಡಿದ್ದಲ್ಲ ಅಂದಂಗಾಗಲ್ಲೇನಪ್ಪಾ?"

"ನಮ್ಮಜ್ಜನ ಕಾಲದಾಗ ನಮ್ಮ ಕುರಿ ಗಿಡ್ಡ ಇದ್ವು. ಎತ್ತರದ ಟಗರನ್ನ ನಮ್ಮ ದೇವರು ಮೈಲಾರಲಿಂಗಪ್ಪಗ ಅಂತ ಬಿಟ್ವಿ, ಮಾರಲಿಲ್ಲ, ಕಡೀಲಿಲ್ಲ. ಅದರ ಮರಿಗಳು ಹೆಚ್ಚಾಗಿ, ಈಗ ಹಿಂಡೆಲ್ಲ ಎತ್ತರ."

"ಹಂಗಾರ ಬದಲು ಮಾಡಿದ್ದು ದೇವರೋ, ನಾವೋ?"

"ನಂಗೇನ್ ಗೊತ್ತವ್ವಾ, ವಿಚಾರ ಮಾಡಿ ಸಾಕಾಗೇತಿ. ಅವನಿಗೆ ಸಿಟ್ಟು ಬಂದ್ರ ನನ್ನ ಮ್ಯಾಲಿರಲಿ. ನೀ ಬರಿ."

ಬಸ್ಸು ಬಂತು. ಮಗಳು ಮೆಟ್ಟಿಲ ಮೇಲೆ ನಿಂತು ತಿರುಗಿದಳು.

"ನಮ್ಮ ಟಗರಿಂದು ಬರೀಲೇನಪ್ಪಾ?"

"ಬರಿ. ದೇವರ ಟಗರು ಅಂತಾನ ಬರಿ."