ಉಗುಳಿನಿಂದ ಒರೆಸಿದ ನೆರಳು

೧೯೭೮ ನವೆಂಬರ್ ೧೪, ಮಂಗಳವಾರ. ನನ್ನ ಡೈರಿಯಲ್ಲಿದೆ: "ತಮ್ಮ ರಾತ್ರಿ ಹನ್ನೊಂದೂಕಾಲಿಗೆ ಬಂದ. ಊಟ ಬೇಡವೆಂದ." ಅಂದಿನದನ್ನು ಅಂದೇ ಬರೆದಿಡುವವಳು ನಾನು. ಅವನ ಹೆಂಡತಿ ಆಗ ತವರಿಗೆ ಹೋಗಿದ್ದಳು. ನಾನು ನೋಡದ್ದೆಲ್ಲ ಅವನ ಬಾಯಿಂದಲೇ ಕೇಳಿದ್ದು.

ತಮ್ಮನಿಗೆ ಚಿತ್ರಶಾಲೆಯಲ್ಲಿ ಹಳೆಯ ಚಿತ್ರಗಳ ಕೊಳೆ ತೆಗೆಯುವ ಕೆಲಸ. ಕಡ್ಡಿಗೆ ಹತ್ತಿ ಸುತ್ತಿ, ಬಾಯಲ್ಲಿ ಒದ್ದೆ ಮಾಡಿ, ಉಗುರಗಲ ಉಗುರಗಲ ಒರೆಸಬೇಕು. ಉಗುಳಿನಷ್ಟು ಮೆತ್ತಗೆ ಕೊಳೆ ತೆಗೆಯುವ ಔಷಧಿ ಇಲ್ಲವಂತೆ. ಪ್ರತಿ ಸಲವೂ ಹತ್ತಿ ಬದಲಿಸಬೇಕು. ಆ ಕಸುಬಿನ ಮೊದಲ ಪಾಠವೇ ಅದು. ಬಲಗೈಯೇ ಅವನ ಅನ್ನ.

ಅಂದಿನ ಚಿತ್ರ ಯಾರೋ ಕನಸು ಕಂಡು ಬರೆದಂತಿತ್ತು. ಖಾಲಿ ಕೋಣೆ, ಸೂರಿಗೆ ಕಾಲೂರಿದ ಕುರ್ಚಿ, ನೆಲದ ಮೇಲೊಂದು ಆಳಿನ ನೆರಳು... ಆಳೇ ಇಲ್ಲ. ಬೆಳಗಿನಿಂದ ದುಡಿದ ಕಣ್ಣು. ಆಳಿಲ್ಲದ ನೆರಳೆಲ್ಲಿಯದು, ದೀಪದ ಮಸಿಯಿರಬೇಕು ಅಂದುಕೊಂಡು ಒರೆಸಿದ. ಹತ್ತಿ ಕಪ್ಪಾಯಿತು. ದಣಿವಿನಲ್ಲಿ ಬದಲಿಸಲು ಮರೆತು, ಅದನ್ನೇ ಮತ್ತೆ ಬಾಯಿಗಿಟ್ಟ...

ಮನೆಗೆ ಬರುವಾಗ ಹಾಳುಬಾವಿಯ ಹತ್ತಿರ ಹಿಂದೆ ಸದ್ದು. ಸ್ರ್... ಸ್ರ್... ಒದ್ದೆ ಹತ್ತಿಯನ್ನು ಕಲ್ಲಿಗೆ ಉಜ್ಜಿದಂತೆ. ನಿಂತ. ಅದೂ ನಿಂತಿತು, ಒಂದು 'ಸ್ರ್' ತಡವಾಗಿ.

"ಯಾರದು?"

"ಅಲ್ಲಾಡಬೇಡಿ ಸ್ವಾಮಿ... ಇನ್ನೂ ಸ್ವಲ್ಪ ಉಳಿದಿದೆ."

ಎದ್ದೆನೋ ಬಿದ್ದೆನೋ ಎಂದು ಓಡಿಬಂದ.

"ಅಕ್ಕಾ, ನನ್ನ ನೆರಳು ನೋಡು."

"ನಿನ್ನನ್ನು ನೋಡಿಯೇ ಸಾಕಾಗಿದೆ. ಇನ್ನು ನೆರಳು ಬೇರೆಯಾ?"

ದೀಪ ಎತ್ತಿ ಹಿಡಿದೆ. ಅವನು ಬಲಗೈ ಎತ್ತಿದ. ಗೋಡೆಯ ಮೇಲೆ ಅಂಗಿಯ ತೋಳಿತ್ತು. ಅದರಾಚೆ ಏನೂ ಇರಲಿಲ್ಲ... ಕಣ್ಣಾರೆ ಕಂಡೆ.

ಮುಟ್ಟಿದೆ. ಬೆಚ್ಚಗಿತ್ತು. "ಕೈ ಇದೆಯಲ್ಲೋ!"

"ಯಾವುದನ್ನು ನಂಬಲಿ ಅಕ್ಕಾ? ಕೈಯನ್ನಾ, ಗೋಡೆಯನ್ನಾ?"

ತತ್ತ್ವಶಾಸ್ತ್ರದಲ್ಲಿ ಚಿನ್ನದ ಪದಕ ಪಡೆದವಳು ನಾನು. "ಮಲಗು," ಅಂದೆ.

ಮರುದಿನ ಚಿತ್ರಕಾರನ ಹೆಂಡತಿ ಚಿತ್ರ ಒಯ್ಯಲು ಚಿತ್ರಶಾಲೆಗೆ ಬಂದರು. ಬಹಳ ಹೊತ್ತು ನೋಡಿದರು. "ನಮ್ಮವರು ಆಳಿನ ನೆರಳು ಬರೆದಿದ್ದರು. ಇದು ಬರೀ ಕೈ... ಯಾರದು?" ಆ ಕೈಯ ಕಿರುಬೆರಳು ತಮ್ಮನದರಂತೆಯೇ ಸೊಟ್ಟ.

ಒಂದು ಹತ್ತಿ ಬದಲಿಸದ್ದಕ್ಕೆ ಅವನು ತೆತ್ತದ್ದು: ಇಪ್ಪತ್ತೆರಡು ವರ್ಷದ ಕೆಲಸ, ಬಲಗೈಯ ಸ್ಪರ್ಶ. ಬಿಸಿ, ತಂಪು, ಚುಚ್ಚಿದ್ದು... ಒಂದೂ ತಿಳಿಯುವುದಿಲ್ಲ. ಕೈಯಲ್ಲಿ ದೋಷವಿಲ್ಲ ಎಂದು ವೈದ್ಯರು ಬರೆದುಕೊಟ್ಟ ಚೀಟಿ ನನ್ನ ಬಳಿ ಇದೆ. ಅಂಗಿಯ ಗುಂಡಿಯನ್ನು ಈಗ ಅವನ ಹೆಂಡತಿ ಹಾಕುತ್ತಾಳೆ.