ನಾಲ್ಕನೇ ಮಹಡಿಯ ತಿರುವು

ಮೆಲ್ಲಗೆ ಹೇಳುತ್ತೇನೆ, ಗೋಡೆ ತೆಳು. ಪಕ್ಕದ ಮನೆಯಲ್ಲೇ ಮಲಗಿದ್ದಾಳೆ ಅವಳು... ನನ್ನ ಚಿಕ್ಕಮ್ಮನ ಮಗಳು ಜಿಪಾರಾ. ಅವಳಿಗೇ ಆದದ್ದು. ಇಲ್ಲೇ, ಬಿಷ್ಕೆಕ್‌ನಲ್ಲಿ, ನಮ್ಮದೇ ಕಟ್ಟಡದ ಮೆಟ್ಟಿಲಲ್ಲಿ.

ಚಳಿಗಾಲ. ಕೆಲಸ ಮುಗಿಸಿ ಬರುವಷ್ಟರಲ್ಲೇ ಗವ್ವೆನ್ನುವ ಕತ್ತಲೆ. ಅಂಗಳದ ಬೋಳು ಪಾಪ್ಲರ್ ಮರ ದಾಟಿ ಒಳಗೆ ಬಂದಳು. ಹಿಂದೆ ಕಬ್ಬಿಣದ ಬಾಗಿಲು... ಧಡ್.

ಮೊದಲ ಮಹಡಿಯ ದೀಪ ತಾನಾಗಿ ಹತ್ತಿತು. ಟಕ್. ಗೋಡೆಯ ಮೇಲೆ ಬಣ್ಣದಲ್ಲಿ ಬರೆದ ಹಿಮದ ಬೆಟ್ಟ. ಎರಡನೆಯದು... ಟಕ್. ಹಳ್ಳ, ಹುಲ್ಲು, ಮೇಯುವ ಕುದುರೆಗಳು. ಮೆಟ್ಟಿಲ ಉಸ್ತುವಾರಿ ಅವಳದು, ಇದೆಲ್ಲ ಮಾಡಿಸಿದವಳೂ ಅವಳೇ. ಯಾರಾದರೂ ಕಾಲಿಟ್ಟರೆ ಸಾಕು, ಚಿತ್ರದ ಮೇಲೆ ಬೆಳಕು. ಅಕ್ಕಪಕ್ಕದ ಕಟ್ಟಡದವರೆಲ್ಲ ಬಂದು ಫೋಟೋ ಹೊಡೆದುಕೊಂಡು ಹೋದರು. ಆಮೇಲೆ ಜಿಪಾರಾಳ ಕಾಲು ನೆಲದ ಮೇಲೆ ನಿಲ್ಲಲಿಲ್ಲ ಬಿಡಿ.

ನೆನೆದರೆ ನನಗೆ ಈಗಲೂ ಸಂಕಟವಾಗುತ್ತದೆ. ಐದನೇ ಮಹಡಿಯ ಸೈರಕಾನ್ ಅಜ್ಜಿ ಬದುಕಿದ್ದಾಗ ಆ ಮೆಟ್ಟಿಲಿಗೆ ಒಂದು ಬಲ್ಬಿಗೂ ಗತಿಯಿರಲಿಲ್ಲ. ಪಾಪ, ಕಣ್ಣು ಮಂಜು. ನಾಲ್ಕನೇ ಮಹಡಿಗೆ ಇಳಿದು ಜಿಪಾರಾಳ ಬಾಗಿಲು ತಟ್ಟಿ ತಟ್ಟಿ ಕೇಳುತ್ತಿದ್ದಳು.

"ನಿಮ್ಮ ಮನೆ ಕೆಳಗಿನ ತಿರುವಲ್ಲಿ ಏನೂ ಕಾಣಲ್ಲ ಕಣೇ ಮಗಳೇ. ಒಂದು ಬಲ್ಬ್ ಹಾಕ್ಸೇ."

"ನಾಳೆ ಹಾಕಿಸ್ತೀನಿ ಬಿಡಿ, ಅಜ್ಜಿ."

ಆ ನಾಳೆ ಬರಲೇ ಇಲ್ಲ. ಅಜ್ಜಿ ಅದೇ ತಿರುವಿನಲ್ಲಿ ಕಾಲು ಜಾರಿ ಬಿದ್ದು ಸತ್ತಳು. ಹೆಣ ಇಳಿಸಿದ್ದೂ ಮೊಬೈಲಿನ ಬೆಳಕಿನಲ್ಲೇ. ಆಮೇಲೆ ಬಂದವು ಈ ಬೆಟ್ಟ, ಈ ಹಳ್ಳ, ಈ ದೀಪ. ಅಜ್ಜಿ ಬಿದ್ದ ಜಾಗದ ಗೋಡೆಗೆ ಒಂದು ಅರ್ಚಾ ಮರ ಬರೆಸಿದಳು. ಕೆಟ್ಟದ್ದು ತೊಲಗಲಿ ಎಂದು ಮನೆಯಲ್ಲಿ ಹೊಗೆ ಹಾಕುತ್ತೇವಲ್ಲ, ಅದೇ ಮರ.

ಅವತ್ತು ಜಿಪಾರಾ ಆ ಮರದ ಚಿತ್ರದ ಹತ್ತಿರ ಬಂದಳು. ದೀಪ ಹತ್ತಲಿಲ್ಲ. ಕೈ ಬೀಸಿದಳು. ಇಲ್ಲ... ಕಾಲು ಕುಟ್ಟಿದಳು. ಇಲ್ಲ. ಅಷ್ಟರಲ್ಲಿ ಕೆಳಗಿನ ದೀಪವೂ ಆರಿತು. ಟಕ್.

ಆಗ ಕೇಳಿಸಿತು.

ಚಪ್... ಚಪ್...

ಮೆತ್ತನೆ ಬೂಟಿನ ಮೇಲೆ ರಬ್ಬರಿನ ಜೋಡು ಹಾಕಿಕೊಂಡು ಮುದುಕಿಯರು ನಡೆಯುತ್ತಾರಲ್ಲ, ಆ ಸದ್ದು. ಮೇಲಿನಿಂದ ಒಂದೊಂದೇ ಮೆಟ್ಟಿಲು ಇಳಿಯಿತು. ಅವಳ ಪಕ್ಕಕ್ಕೆ ಬಂದು ನಿಂತಿತು.

"ಯಾ... ಯಾರು? ಲೈಟು ಹತ್ತುತ್ತಾ ಇಲ್ಲ..."

ಕಿವಿಯ ಹತ್ತಿರವೇ ಪಿಸುಮಾತು. ದನಿಯಲ್ಲಿ ಸಿಟ್ಟಿರಲಿಲ್ಲ.

"ನಾಳೆ ಹತ್ತುತ್ತೆ ಬಿಡು, ಮಗಳೇ."

ಗೋಡೆ ತಡವುತ್ತಾ, ತೆವಳಿಕೊಂಡು ಮನೆ ಸೇರಿದಳು.

ಭ್ರಮೆ ಅನ್ನುತ್ತೀರಿ. ಅನ್ನಿ. ಮರುದಿನ ಎಲೆಕ್ಟ್ರಿಷಿಯನ್ ಬಂದ. ಅವನು ಕಾಲಿಡುತ್ತಿದ್ದ ಹಾಗೇ ದೀಪ ಹತ್ತಿತು. "ಏನೂ ಆಗಿಲ್ವಲ್ಲಕ್ಕ," ಅಂದ. ಅವನು ಕೆಳಗಿಳಿದ ಮೇಲೆ ಇವಳೊಬ್ಬಳೇ ಹೋಗಿ ನಿಂತಳು. ಕತ್ತಲೆ. ದೀಪ ಬದಲಾಯಿಸಿದರು, ತಂತಿ ಬದಲಾಯಿಸಿದರು. ನನಗೆ ಹತ್ತುತ್ತದೆ. ಅಂಚೆಯವನಿಗೆ ಹತ್ತುತ್ತದೆ. ಬೆಕ್ಕು ದಾಟಿದರೂ ಹತ್ತುತ್ತದೆ.

ಸುಳ್ಳು ಹೇಳಿ ನನಗೇನು ಸಿಗಬೇಕು? ಸಂಜೆ ಬಂದು ನೋಡಿ. ಮೂರನೇ ಮಹಡಿಯಲ್ಲಿ ತರಕಾರಿ ಚೀಲ ಹಿಡಿದುಕೊಂಡು ನಿಂತಿರುತ್ತಾಳೆ ಜಿಪಾರಾ, ಮೇಲೆ ಹೋಗುವವರು ಯಾರಾದರೂ ಬರಲಿ ಎಂದು.